ಮರಿಯನ್ನು ಮನೆಗೆ ತರುವ ಮುನ್ನ

ಪುಣೆಯಿಂದ ಆಗ್ನೇಯ ದಿಕ್ಕಿಗೆ ಸುಮಾರು 50 ಕಿಲೋಮೀಟರ್ ದೂರದಲ್ಲಿರುವ ಜೇಜುರಿ ಕ್ಷೇತ್ರವು ಕನ್ನಡಿಗರಿಗೆ ಪರಸ್ಥಳವೇನಲ್ಲ. ಅಲ್ಲಿಯ ಖಂಡೋಬನೇ ನಮ್ಮ ಮೈಲಾರಲಿಂಗ. ಭಂಡಾರವನ್ನು ತೂರುತ್ತ ಮರಾಠಿ ಭಕ್ತರು ಕೂಗುವ ‘ಯೇಳಕೋಟ’ ಎಂಬ ಘೋಷದಲ್ಲಿ ನಮ್ಮ ‘ಏಳುಕೋಟಿ’ಯ ದನಿ ಕೇಳಿಸದೆ ಇರದು. ಕುದುರೆಯನ್ನೇರಿದ ಆ ದೇವರ ಸಂಗಡ ಒಂದು ನಾಯಿ ಇರುತ್ತದೆ. ಖಂಡೋಬನ ಸೇವೆಗೆ ತಮ್ಮನ್ನು ಒಪ್ಪಿಸಿಕೊಂಡ ವಾಘ್ಯಾಗಳು ತಮ್ಮನ್ನು ದೇವರ ನಾಯಿಗಳೆಂದೇ ಭಾವಿಸಿದವರು. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಕರಿಯ ಕಂಬಳಿಯ ಗೊರವಪ್ಪಗಳು ದೋಣಿಯಲ್ಲಿಟ್ಟ ಪ್ರಸಾದವನ್ನು ನಾಯಿಗಳಂತೆ ಬೊಗಳುತ್ತ ಸ್ವೀಕರಿಸುವುದೂ ಇದೇ ಪರಂಪರೆಗೆ ಸೇರಿದುದು.

1976ರಲ್ಲಿ ಪ್ರಕಟವಾಗಿ ಮರುವರ್ಷ ಕಾಮನ್‌ವೆಲ್ತ್ ಕಾವ್ಯ ಪ್ರಶಸ್ತಿ ಪಡೆದ ಅರುಣ್ ಕೊಲಟ್ಕರ್ ಅವರ ‘ಜೇಜುರಿ’ ಎಂಬ ಇಂಗ್ಲಿಷ್ ಕವನ ಸಂಕಲನದಲ್ಲಿ, ಪಾಳುಬಿದ್ದ ಮಾರುತಿಯ ಗುಡಿಯೊಳಗೆ ಬೀದಿನಾಯಿಯೊಂದು ತನ್ನ ಮರಿಗಳೊಡನೆ ಬಿಡಾರ ಹೂಡಿರುವ ಚಿತ್ರ ಬರುತ್ತದೆ. ಅಂತಹ ಬಿಡಾರಗಳು ಯಾವ ಯಾತ್ರಾಸ್ಥಳದಲ್ಲಿಯೂ ಕಾಣಸಿಗುತ್ತವೆ. ಮಕ್ಕಳ ಹಠಕ್ಕೆ ಮಣಿದೋ, ದೇವರ ನಾಯಿಯೆಂಬ ಭಕ್ತಿಯಿಂದಲೋ ಒಂದು ಮರಿಯನ್ನು ಕೈಚೀಲದಲ್ಲಿಟ್ಟು ಊರಿಗೆ ತರುವವರುಂಟು. ಹಣ ಕೊಟ್ಟು ಜಾತಿನಾಯಿಯ ಮರಿಯನ್ನು ಕೊಳ್ಳುವವರೂ ಉಂಟು. ಇವರಿಬ್ಬರಲ್ಲಿಯೂ ಸಾಮಾನ್ಯವಾಗಿ ಎರಡು ನಂಬಿಕೆಗಳು ಬೇರೂರಿರುತ್ತವೆ. ಮರಿ ಎಷ್ಟು ಎಳೆಯದೋ ಅಷ್ಟು ಚೆನ್ನಾಗಿ ನಮಗೆ ಹೊಂದಿಕೊಳ್ಳುತ್ತದೆ ಎಂಬುದು ಮೊದಲನೆಯದು. ಎಳೆಯ ಮರಿಯ ಹಲ್ಲಿನಲ್ಲಿ ವಿಷವಿಲ್ಲ ಎಂಬುದು ಎರಡನೆಯದು. ಎರಡೂ ತಪ್ಪು. ಮೊದಲನೆಯದು ಮರಿಯ ಪ್ರಾಣಕ್ಕೆ ಎರವಾದರೆ, ಎರಡನೆಯದು ನಮ್ಮ ಮಕ್ಕಳ ಪ್ರಾಣಕ್ಕೇ ಎರವಾಗಬಹುದು. ಲೇಖಕನು ಪಶುವೈದ್ಯನಲ್ಲ, ವೈದ್ಯಶಾಸ್ತ್ರವು ಖಚಿತವಾಗಿ ಹೇಳಿರುವ ಸಂಗತಿಗಳನ್ನು ಗೃಹಸ್ಥರಿಗೆ ಉಪಯೋಗವಾಗುವಂತೆ ಕ್ರಮವಾಗಿ ಜೋಡಿಸುವುದಷ್ಟೇ ಇಲ್ಲಿಯ ಉದ್ದೇಶ.

ತಾಯಿಯ ಮಡಿಲಿನ ಎಂಟು ವಾರಗಳು

ನಾಯಿಯ ಗರ್ಭಾವಧಿ ಸುಮಾರು 63 ದಿನಗಳು. ಹುಟ್ಟಿದ ಮರಿಗೆ ಕಣ್ಣು ಕಾಣದು, ಕಿವಿ ಕೇಳದು. ತನ್ನ ಮೈಯ ಶಾಖವನ್ನು ತಾನೇ ಕಾಪಾಡಿಕೊಳ್ಳುವ ಶಕ್ತಿಯೂ ಅದಕ್ಕಿಲ್ಲ. ತಾಯಿಯ ಮತ್ತು ಒಡಹುಟ್ಟಿದ ಮರಿಗಳ ಮೈಬಿಸಿಯೇ ಅದಕ್ಕೆ ಆಧಾರ. ಸುಮಾರು 10ರಿಂದ 14ನೆಯ ದಿನದ ಹೊತ್ತಿಗೆ ಕಣ್ಣು ತೆರೆಯುತ್ತದೆ. ಅದರ ಬೆನ್ನಲ್ಲೇ ಕಿವಿಯೂ ತೆರೆಯುತ್ತದೆ. ಮೂರನೆಯ ವಾರದಲ್ಲಿ ತಡವರಿಸುತ್ತ ನಡೆಯತೊಡಗುತ್ತದೆ. ಮೂರು ನಾಲ್ಕು ವಾರಗಳಲ್ಲಿ ಮೆದುವಾದ ಆಹಾರವನ್ನು ನೆಕ್ಕಲು ಕಲಿಯುತ್ತದೆ. ಏಳೆಂಟು ವಾರಗಳಾಗುವಾಗ ತಾಯಿಯೇ ಹಾಲು ಬಿಡಿಸುತ್ತಾಳೆ.

ಹುಟ್ಟಿದ ಮೊದಲ ದಿನ ಮರಿಯು ಕುಡಿಯುವ ಗಿಣ್ಣುಹಾಲಿನ ಮೂಲಕ ತಾಯಿಯ ರೋಗನಿರೋಧಕ ಶಕ್ತಿಯ ಬಹುಭಾಗವು ಅದಕ್ಕೆ ದೊರೆಯುತ್ತದೆ. ಈ ಶಕ್ತಿಯನ್ನು ಕರುಳು ಹೀರಿಕೊಳ್ಳುವ ಅವಕಾಶ ಸುಮಾರು ಒಂದು ದಿನಕ್ಕೆ ಸೀಮಿತ. ಆ ಬಳಿಕ ಕುಡಿದ ಹಾಲು ಪೋಷಣೆಯನ್ನು ಕೊಡಬಲ್ಲದಾದರೂ ಆ ರಕ್ಷಣೆಯನ್ನು ರಕ್ತಕ್ಕೆ ಸೇರಿಸಲಾರದು. ತಾಯಿಗೆ ಲಸಿಕೆಯಾಗಿದ್ದರೆ ಅಥವಾ ಹಿಂದೆ ಆ ರೋಗಗಳು ಬಂದು ವಾಸಿಯಾಗಿದ್ದರೆ ಮಾತ್ರ ಈ ರಕ್ಷಣೆ ಸಮರ್ಪಕವಾಗಿರುತ್ತದೆ. ಆದುದರಿಂದ ಮರಿಯನ್ನು ನೋಡುವ ಮೊದಲು ತಾಯಿಯನ್ನು ನೋಡಬೇಕು, ಅದಕ್ಕೆ ಲಸಿಕೆಯಾಗಿದೆಯೇ ಎಂದು ವಿಚಾರಿಸಬೇಕು. ತಾಯಿಯನ್ನು ತೋರಿಸಲೊಪ್ಪದ ಮಾರಾಟಗಾರನಿಂದ ಮರಿಯನ್ನು ಕೊಳ್ಳದಿರುವುದೇ ಲೇಸು.

ಹಸುವಿನ ಹಾಲು ತಾಯಿನಾಯಿಯ ಹಾಲಿಗೆ ಸಮವೆಂದು ಅನೇಕರು ತಿಳಿದಿದ್ದಾರೆ. ನಾಯಿಯ ಹಾಲಿನಲ್ಲಿ ಕೊಬ್ಬು ಸುಮಾರು ಶೇಕಡ 9, ಪ್ರೋಟೀನು ಶೇಕಡ 7ರಿಂದ 8. ಹಸುವಿನ ಹಾಲಿನಲ್ಲಿ ಕೊಬ್ಬು ಸುಮಾರು ಶೇಕಡ 4, ಪ್ರೋಟೀನು ಶೇಕಡ 3ಕ್ಕಿಂತ ತುಸು ಹೆಚ್ಚು. ಹಾಲಿನ ಸಕ್ಕರೆಯಾದರೋ ಹಸುವಿನ ಹಾಲಿನಲ್ಲಿಯೇ ಅಧಿಕ. ನಾಲ್ಕು ವಾರದ ಮರಿಯನ್ನು ತಂದು ಬರಿಯ ಪ್ಯಾಕೆಟ್ ಹಾಲಿನ ಮೇಲೆ ಇಟ್ಟರೆ ಅದಕ್ಕೆ ಭೇದಿಯೂ ಆಗುತ್ತದೆ, ಪೋಷಣೆಯೂ ಸಾಲದು.

ನಮ್ಮ ದೇಶದ ಕಾನೂನೂ ಈ ಅವಧಿಯನ್ನು ಮಾನ್ಯ ಮಾಡಿದೆ. 2017ರ ನಾಯಿ ಸಂವರ್ಧನೆ ಮತ್ತು ಮಾರಾಟದ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಅವಧಿ ಠೇವಣಿಯನ್ನು ಮುದ್ದತ್ತಿಗೆ ಮೊದಲೇ ಮುರಿದರೆ ಕಳೆದುಕೊಳ್ಳುವುದು ಬಡ್ಡಿಯ ಒಂದಂಶವನ್ನು ಮಾತ್ರ. ಇಲ್ಲಿ ಅಸಲಿಗೇ ಅಪಾಯವಿದೆ.

ವಯಸ್ಸಿಗೆ ಹಲ್ಲೇ ಸಾಕ್ಷಿ

‘ಎರಡು ತಿಂಗಳ ಮರಿ’ ಎಂದು ಮಾರಾಟಗಾರನು ಹೇಳಿದೊಡನೆ ಒಪ್ಪಬೇಕಾಗಿಲ್ಲ. ಮರಿಯ ಬಾಯಿಯಲ್ಲಿಯೇ ದಾಖಲೆಯಿದೆ. ಹುಟ್ಟುವಾಗ ಮರಿಗೆ ಹಲ್ಲಿರುವುದಿಲ್ಲ. ಮೂರರಿಂದ ಐದು ವಾರಗಳಲ್ಲಿ ಕೋರೆಹಲ್ಲುಗಳು, ನಾಲ್ಕರಿಂದ ಆರು ವಾರಗಳಲ್ಲಿ ಬಾಚಿಹಲ್ಲುಗಳು, ನಾಲ್ಕರಿಂದ ಎಂಟು ವಾರಗಳಲ್ಲಿ ಹಿಂದಿನ ಹಲ್ಲುಗಳು ಮೂಡುತ್ತವೆ. ಬಾಚಿಹಲ್ಲು 12, ಕೋರೆಹಲ್ಲು 4, ಹಿಂದಿನ ಹಲ್ಲು 12, ಹೀಗೆ ಒಟ್ಟು 28 ಹಾಲುಹಲ್ಲುಗಳು. ಹಿಂದಿನ ಹಲ್ಲುಗಳು ಇನ್ನೂ ವಸಡಿನೊಳಗೇ ಇದ್ದರೆ ಆ ಮರಿಗೆ ಎಂಟು ವಾರ ತುಂಬಿರುವ ಸಂಭವ ಕಡಿಮೆ. ಸುಮಾರು ನಾಲ್ಕನೆಯ ತಿಂಗಳಿನಿಂದ ಹಾಲುಹಲ್ಲುಗಳು ಉದುರತೊಡಗಿ, ಆರೇಳು ತಿಂಗಳ ಹೊತ್ತಿಗೆ 42 ಶಾಶ್ವತ ಹಲ್ಲುಗಳು ಬಂದಿರುತ್ತವೆ. ತಳಿ ಮತ್ತು ಪೋಷಣೆಯನ್ನು ಅನುಸರಿಸಿ ಸ್ವಲ್ಪ ಹೆಚ್ಚುಕಡಿಮೆ ಆಗುವುದಾದರೂ ಮೋಸವನ್ನು ಪತ್ತೆಹಚ್ಚಲು ಇಷ್ಟು ಲೆಕ್ಕ ಸಾಕು.

ಕಣ್ಣಿಗೆ ಕಾಣುವ ಆರೋಗ್ಯಲಕ್ಷಣಗಳು

ಪಶುವೈದ್ಯರ ಪರೀಕ್ಷೆಗೆ ಇದು ಬದಲಿಯಲ್ಲ. ಆದರೆ ವೈದ್ಯರಲ್ಲಿಗೆ ಹೋಗುವ ಮುನ್ನ ನಾವೇ ಗಮನಿಸಬಹುದಾದ ಅಂಶಗಳು ಹಲವಿವೆ.

ವಸಡು ತಿಳಿಗೆಂಪಾಗಿರಬೇಕು. ಬೆರಳಿನಿಂದ ಒತ್ತಿ ಬಿಟ್ಟರೆ ಬಿಳುಪಾದ ಜಾಗವು ಎರಡು ಸೆಕೆಂಡುಗಳೊಳಗೆ ಮತ್ತೆ ಕೆಂಪಾಗಬೇಕು. ವಸಡು ಬಿಳಚಿಕೊಂಡಿದ್ದರೆ ರಕ್ತಹೀನತೆಯನ್ನು ಶಂಕಿಸಬೇಕು. ಎಳೆಯ ಮರಿಗಳಲ್ಲಿ ಇದಕ್ಕೆ ಕೊಕ್ಕೆಹುಳು, ಚಿಗಟ, ಉಣ್ಣೆಗಳು ಸಾಮಾನ್ಯ ಕಾರಣ. ಕಣ್ಣಿನಲ್ಲಿ ಪಿಸರು, ಮೂಗಿನಲ್ಲಿ ಕೀವಿನಂತಹ ಸಿಂಬಳ ಇರಬಾರದು, ಕೆಮ್ಮು ಇರಬಾರದು. ಕತ್ತಿನ ಹಿಂದಿನ ಚರ್ಮವನ್ನು ಮೆಲ್ಲನೆ ಎತ್ತಿ ಬಿಟ್ಟರೆ ಕೂಡಲೆ ಮೊದಲಿನ ಸ್ಥಿತಿಗೆ ಮರಳಬೇಕು. ಎತ್ತಿದಂತೆಯೇ ನಿಂತರೆ ಮೈಯಲ್ಲಿ ನೀರಿನಂಶ ಕುಗ್ಗಿದೆ ಎಂದರ್ಥ. ಮೈ ಬಡಕಲಾಗಿ ಹೊಟ್ಟೆ ಮಾತ್ರ ಗುಡಾಣದಂತಿದ್ದರೆ ಜಂತುಹುಳುವಿನ ಬಾಧೆಯಿರಬಹುದು. ಅದನ್ನು ಪುಷ್ಟಿಯೆಂದು ಭ್ರಮಿಸಬಾರದು. ಹೊಕ್ಕಳಿನಲ್ಲಿ ಮೆತ್ತನೆಯ ಉಬ್ಬು ಕಂಡರೆ ವೈದ್ಯರಿಗೆ ತೋರಿಸಬೇಕು. ಬಾಲದ ಕೆಳಗಿನ ಭಾಗ ಒಣಗಿ ಶುಚಿಯಾಗಿರಬೇಕು. ಗುದದ್ವಾರದಲ್ಲಿ ಅಳೆದ ಸಹಜ ಉಷ್ಣಾಂಶ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ನಮ್ಮ ಮೈಗಿಂತ ಅದರ ಮೈ ಬೆಚ್ಚಗಿರುವುದು ಜ್ವರವಲ್ಲ.

ಜಂತುಹುಳು ಮತ್ತು ಲಸಿಕೆ

ದುಂಡುಹುಳುವಿನ ಮರಿಹುಳುಗಳು ತಾಯಿಯ ಗರ್ಭದಲ್ಲಿಯೇ ಮರಿಯ ದೇಹವನ್ನು ಸೇರಬಲ್ಲವು. ಹಾಲಿನ ಮೂಲಕವೂ ಬರಬಲ್ಲವು. ಆದಕಾರಣ ಅತ್ಯಂತ ಶುಚಿಯಾದ ಮನೆಯಲ್ಲಿ ಹುಟ್ಟಿದ ಮರಿಯಲ್ಲಿಯೂ ಅವು ಇರಬಹುದು. ಎರಡನೆಯ ವಾರದಿಂದಲೇ ಔಷಧಿಯನ್ನು ಆರಂಭಿಸಿ, ಎಂಟು ವಾರಗಳವರೆಗೆ ಎರಡು ವಾರಕ್ಕೊಮ್ಮೆ, ಅನಂತರ ಆರು ತಿಂಗಳವರೆಗೆ ತಿಂಗಳಿಗೊಮ್ಮೆ ಕೊಡುವುದು ವಾಡಿಕೆ. ಔಷಧಿಯ ಪ್ರಮಾಣವು ಮರಿಯ ತೂಕವನ್ನು ಅವಲಂಬಿಸಿರುವುದರಿಂದ ವೈದ್ಯರೇ ಅದನ್ನು ನಿರ್ಧರಿಸತಕ್ಕದ್ದು. ಇದು ನಾಯಿಗೆ ಮಾತ್ರ ಸಂಬಂಧಿಸಿದ ವಿಷಯವಲ್ಲ. ಈ ಹುಳುವಿನ ಮೊಟ್ಟೆಗಳು ಮಣ್ಣಿನಿಂದ ಮಕ್ಕಳ ಕೈಗೆ, ಕೈಯಿಂದ ಬಾಯಿಗೆ ಸೇರಿದರೆ ಯಕೃತ್ತಿಗೂ, ಅಪರೂಪವಾಗಿ ಕಣ್ಣಿಗೂ ಹಾನಿಯುಂಟಾಗಬಹುದು. ಮರಿಯೊಡನೆ ಆಡಿದ ಮಕ್ಕಳು ಸಾಬೂನಿನಿಂದ ಕೈ ತೊಳೆಯದೆ ಊಟಕ್ಕೆ ಕುಳಿತುಕೊಳ್ಳಬಾರದು.

ಮರಿಗಳನ್ನು ಕೊಲ್ಲುವ ರೋಗಗಳಲ್ಲಿ ಪಾರ್ವೊ ಮತ್ತು ಡಿಸ್ಟೆಂಪರ್ ಪ್ರಮುಖವಾದವು. ಪಾರ್ವೊ ರೋಗವು 1978ರ ಸುಮಾರಿಗೆ ಗುರುತಿಸಲ್ಪಟ್ಟು ಒಂದೆರಡು ವರ್ಷಗಳಲ್ಲಿಯೇ ಲೋಕವನ್ನೆಲ್ಲ ವ್ಯಾಪಿಸಿತು. ವಾಂತಿ, ದುರ್ವಾಸನೆಯಿಂದ ಕೂಡಿದ ರಕ್ತಭೇದಿ, ಆಹಾರದಲ್ಲಿ ಪೂರ್ಣ ಅರುಚಿ ಇದರ ಲಕ್ಷಣಗಳು. ರೋಗಾಣು ಮೈಸೇರಿದ ಮೂರರಿಂದ ಏಳು ದಿನಗಳ ತರುವಾಯ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ. ಕೊಂಡು ತಂದ ದಿನ ಚಟುವಟಿಕೆಯಿಂದ ಕುಣಿದಾಡುತ್ತಿದ್ದ ಮರಿಯು ವಾರದೊಳಗೆ ಸತ್ತಾಗ ‘ನಮ್ಮ ಮನೆಗೆ ನಾಯಿ ಆಗಿಬರುವುದಿಲ್ಲ’, ‘ದೃಷ್ಟಿ ತಾಗಿತು’ ಎಂದು ಹಿರಿಯರು ಹೇಳುವುದನ್ನು ಕೇಳಿದ್ದೇವೆ. ದಿನಗಳನ್ನು ಲೆಕ್ಕ ಹಾಕಿದರೆ ಬಹುಮಟ್ಟಿಗೆ ಆ ಮರಿಯು ರೋಗವನ್ನು ಹೊತ್ತೇ ಹೊಸಿಲು ದಾಟಿತ್ತೆಂಬುದು ತಿಳಿದುಬರುತ್ತದೆ. ಈ ರೋಗಾಣು ನೆಲದಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ಒಂದು ವರ್ಷದವರೆಗೂ ಬದುಕಬಲ್ಲದು. ಎಷ್ಟೋ ಸಾಮಾನ್ಯ ಕ್ರಿಮಿನಾಶಕಗಳಿಗೆ ಅದು ಬಗ್ಗುವುದಿಲ್ಲ. ಒಂದು ಭಾಗ ಬ್ಲೀಚ್ ದ್ರಾವಣಕ್ಕೆ 30 ಭಾಗ ನೀರು ಬೆರೆಸಿ, ಮೊದಲೇ ಶುಚಿಗೊಳಿಸಿದ ನೆಲವನ್ನು ಅದರಿಂದ ತೊಳೆಯಬೇಕು. ಪಾರ್ವೊದಿಂದ ಮರಿ ಸತ್ತ ಮನೆಗೆ ಲಸಿಕೆಯಾಗದ ಇನ್ನೊಂದು ಮರಿಯನ್ನು ಬೇಗನೆ ತರುವುದು ಅದನ್ನು ತಿಳಿದೂ ತಿಳಿದು ಬೆಂಕಿಗೆ ನೂಕಿದಂತೆ.

ಈ ರೋಗಗಳಿಗೆ ಸಂಯುಕ್ತ ಲಸಿಕೆಯಿದೆ. ಆರರಿಂದ ಎಂಟನೆಯ ವಾರದಲ್ಲಿ ಆರಂಭಿಸಿ, ಎರಡರಿಂದ ನಾಲ್ಕು ವಾರಗಳಿಗೊಮ್ಮೆ ಪುನರಾವರ್ತಿಸಿ, ಕೊನೆಯದನ್ನು 16ನೆಯ ವಾರ ಅಥವಾ ಅದಕ್ಕೂ ಆಚೆ ಕೊಡಿಸಬೇಕು. ಇಷ್ಟು ಸಲ ಏಕೆ ಎಂದು ಕೇಳುವವರಿದ್ದಾರೆ. ಗಿಣ್ಣುಹಾಲಿನಿಂದ ಬಂದ ತಾಯಿಯ ರಕ್ಷಣೆ ಇರುವಷ್ಟು ಕಾಲ ಅದು ಲಸಿಕೆಯನ್ನೂ ನಿಷ್ಫಲಗೊಳಿಸುತ್ತದೆ. ಆ ರಕ್ಷಣೆ ಕರಗುವುದು ಒಂದು ಮರಿಯಲ್ಲಿ ಆರನೆಯ ವಾರಕ್ಕೆ, ಇನ್ನೊಂದರಲ್ಲಿ 16ನೆಯ ವಾರಕ್ಕೆ. ಯಾವ ಮರಿಯಲ್ಲಿ ಎಂದು ಹೊರಗಿನಿಂದ ಹೇಳಲಾಗದು. ಆದುದರಿಂದ ‘ಒಂದು ಇಂಜೆಕ್ಷನ್ ಆಗಿದೆ’ ಎಂಬ ಮಾರಾಟಗಾರನ ಮಾತು ಲಸಿಕೆಯ ಸರಣಿಯ ಆರಂಭವೇ ಹೊರತು ಮುಕ್ತಾಯವಲ್ಲ. ದಿನಾಂಕ, ಲಸಿಕೆಯ ಹೆಸರಿನ ಚೀಟಿ, ವೈದ್ಯರ ಸಹಿ ಇರುವ ಪುಸ್ತಕವನ್ನು ಕೇಳಿ ಪಡೆಯಬೇಕು. ರಸೀತಿಯಿಲ್ಲದ ಜಮೆಯನ್ನು ಯಾರೂ ನಂಬುವುದಿಲ್ಲವಷ್ಟೆ.

ಸ್ವಭಾವವು ರೂಪುಗೊಳ್ಳುವ ಕಾಲ

ಮರಿಯ ಮನಸ್ಸೂ ಇದೇ ವಾರಗಳಲ್ಲಿ ಬೆಳೆಯುತ್ತದೆ. ಅಮೆರಿಕದ ಮೇನ್ ರಾಜ್ಯದ ಜ್ಯಾಕ್ಸನ್ ಪ್ರಯೋಗಾಲಯದಲ್ಲಿ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು ದೀರ್ಘಕಾಲ ನಾಯಿಗಳನ್ನು ಅಭ್ಯಸಿಸಿ 1965ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಮೂರನೆಯ ವಾರದಿಂದ ಸುಮಾರು 12ನೆಯ ವಾರದವರೆಗೆ ಮರಿಯು ಯಾರನ್ನು, ಯಾವುದನ್ನು ತನ್ನದೆಂದು ಒಪ್ಪಿಕೊಳ್ಳಬೇಕೆಂಬುದನ್ನು ಕಲಿಯುತ್ತದೆ ಎಂಬುದು ಅವರು ಕಂಡುಕೊಂಡ ಮುಖ್ಯ ವಿಷಯ. ಅಲ್ಲಿಯೇ ನಡೆದು 1961ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, 14 ವಾರಗಳವರೆಗೆ ಮನುಷ್ಯರ ಒಡನಾಟವಿಲ್ಲದೆ ಬೆಳೆದ ಮರಿಗಳು ಕಾಡುಪ್ರಾಣಿಗಳಂತೆ ಮನುಷ್ಯರಿಂದ ದೂರ ಸರಿದವು.

ಹಾಗಾದರೆ ಮೂರನೆಯ ವಾರದಲ್ಲಿಯೇ ಮನೆಗೆ ತರಬಹುದಲ್ಲವೇ ಎಂದು ವಾದಿಸುವಂತಿಲ್ಲ. ಈ ಅವಧಿಯ ಮೊದಲರ್ಧದಲ್ಲಿ ಮರಿಗೆ ತಾಯಿಯೂ ಒಡಹುಟ್ಟಿದವೂ ಗುರುಗಳು. ಆಟದಲ್ಲಿ ಜೋರಾಗಿ ಕಚ್ಚಿದರೆ ಎದುರಿನ ಮರಿ ಕಿರುಚಿ ಆಟವನ್ನು ನಿಲ್ಲಿಸುತ್ತದೆ. ಮಿತಿಮೀರಿದರೆ ತಾಯಿ ಗದರಿಸುತ್ತಾಳೆ. ಹಲ್ಲಿನ ಬಲವನ್ನು ಎಷ್ಟರ ಮಟ್ಟಿಗೆ ಬಳಸಬೇಕೆಂಬ ವಿವೇಕವು ಮರಿಗೆ ಬರುವುದು ಹೀಗೆ. 2011ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನವೊಂದು, 30ರಿಂದ 40 ದಿನಗಳಲ್ಲಿ ತಾಯಿಯಿಂದ ಬೇರ್ಪಡಿಸಲ್ಪಟ್ಟ 70 ನಾಯಿಗಳನ್ನೂ ಎರಡು ತಿಂಗಳಿಗೆ ಬೇರ್ಪಟ್ಟ 70 ನಾಯಿಗಳನ್ನೂ ಹೋಲಿಸಿತು. ಬೇಗನೆ ಬೇರ್ಪಟ್ಟವುಗಳಲ್ಲಿ ಅಂಜಿಕೆ, ಅತಿಯಾದ ಬೊಗಳಿಕೆ, ವಸ್ತುಗಳನ್ನು ಹಾಳುಗೆಡವುವ ಚಾಳಿ ಮುಂತಾದ ತೊಂದರೆಗಳು ಹೆಚ್ಚಾಗಿ ವರದಿಯಾದವು.

ಬೆಳೆದ ನಾಯಿ ಹೊಸ ಒಡೆಯನಿಗೆ ನಿಷ್ಠವಾಗಿರಲಾರದು ಎಂಬ ಆತಂಕಕ್ಕೂ ಕಾರಣವಿಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ, ಕ್ರಿ.ಶ. 949-50ರ ವೀರಗಲ್ಲು ಇದಕ್ಕೆ ನಮ್ಮದೇ ನೆಲದ ಸಾಕ್ಷಿ. ತಕ್ಕೋಲದ ಯುದ್ಧದ ಪರಾಕ್ರಮಕ್ಕೆ ಪಾರಿತೋಷಕವಾಗಿ ಮಣಲೇರನು ಬೇಡಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಪರರ ಬಳಿಯಿಂದ ಬಂದ ಆ ನಾಯಿಯು ಹೊಸ ಒಡೆಯನಿಗಾಗಿ ಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಮಡಿಯಿತು. ಅದಕ್ಕಾಗಿಯೇ ಕಲ್ಲು ನಿಲ್ಲಿಸಲಾಯಿತು.

ಹಲವು ಮರಿಗಳ ನಡುವೆ ಆಯ್ಕೆ ಮಾಡುವಾಗ ಎಲ್ಲಕ್ಕಿಂತ ಮುಂದೆ ನುಗ್ಗುವುದನ್ನೂ, ಮೂಲೆ ಸೇರಿ ನಡುಗುವುದನ್ನೂ ಅನುಭವವಿಲ್ಲದ ಕುಟುಂಬದವರು ಬಿಡುವುದು ಮೇಲು. ಕರೆದರೆ ಬಾಲವಾಡಿಸುತ್ತ ಬರುವ, ಎತ್ತಿಕೊಂಡಾಗ ಕ್ಷಣಕಾಲ ಒದ್ದಾಡಿ ಅನಂತರ ಶಾಂತವಾಗುವ, ಕೀಲಿಕೈ ಗೊಂಚಲು ಬಿದ್ದ ಸದ್ದಿಗೆ ಬೆಚ್ಚಿದರೂ ಮತ್ತೆ ಬಂದು ಮೂಸಿ ನೋಡುವ ಮರಿ ಸಾಮಾನ್ಯ ಗೃಹಕ್ಕೆ ಯೋಗ್ಯ. ಇಂತಹ ಪರೀಕ್ಷೆಗಳಿಂದ ದೊಡ್ಡ ನಾಯಿಯ ಸ್ವಭಾವವನ್ನು ಖಚಿತವಾಗಿ ಹೇಳಲಾಗದೆಂಬುದನ್ನೂ ನೆನಪಿಡಬೇಕು. ತಾಯಿಯ ಸ್ವಭಾವವನ್ನೂ ನೋಡಬೇಕು. ಉಳಿದುದು ನಾವು ಬೆಳೆಸುವ ರೀತಿಯಲ್ಲಿದೆ.

ಎರಡು ಗಡುವುಗಳ ನಡುವೆ

ಇಲ್ಲಿ ಒಂದು ಇಕ್ಕಟ್ಟು ಎದುರಾಗುತ್ತದೆ. ಲಸಿಕೆಯ ರಕ್ಷಣೆ ಪೂರ್ಣವಾಗುವುದು 16 ವಾರಗಳ ಬಳಿಕ. ಮನಸ್ಸಿನ ಬಾಗಿಲು ಮುಚ್ಚತೊಡಗುವುದು 12ರಿಂದ 14 ವಾರಗಳಲ್ಲಿ. ರೋಗಭಯದಿಂದ ನಾಲ್ಕು ತಿಂಗಳು ಕೋಣೆಯಲ್ಲಿ ಕೂಡಿಹಾಕಿದರೆ ಮರಿ ಬದುಕಿ ಉಳಿದೀತು. ಆದರೆ ಅಪರಿಚಿತರನ್ನು, ವಾಹನಗಳನ್ನು, ಮಕ್ಕಳನ್ನು ಕಂಡರೆ ಹೆದರಿ ಕಚ್ಚುವ ನಾಯಿಯಾದೀತು. ಅಂತಹ ನಾಯಿಗಳೇ ಕೊನೆಗೆ ಬೀದಿಪಾಲಾಗುತ್ತವೆ. ಅದಕ್ಕೆ ಹೆದರಿ ಮೊದಲ ವಾರವೇ ಬೀದಿಯಲ್ಲಿ ಬಿಟ್ಟರೆ ಪಾರ್ವೊ ಕಾದಿರುತ್ತದೆ.

ಎರಡನ್ನೂ ಸರಿದೂಗಿಸುವ ದಾರಿಯಿದೆ. ಪ್ರಾಣಿವರ್ತನೆಯ ತಜ್ಞರಾದ ಅಮೆರಿಕದ ಪಶುವೈದ್ಯರ ಸಂಘವು 2008ರಲ್ಲಿಯೇ, ಲಸಿಕೆಯ ಸರಣಿ ಮುಗಿಯುವವರೆಗೆ ಕಾಯದೆ, ಮೊದಲ ಲಸಿಕೆಯಾಗಿ ಏಳು ದಿನಗಳ ಬಳಿಕ ಮರಿಗೆ ಲೋಕಪರಿಚಯವನ್ನು ಆರಂಭಿಸಬಹುದೆಂದು ಸೂಚಿಸಿತು. ನಮ್ಮ ಪರಿಸ್ಥಿತಿಗೆ ಅದನ್ನು ಹೀಗೆ ಅಳವಡಿಸಿಕೊಳ್ಳಬಹುದು: ಮರಿಯನ್ನು ಎತ್ತಿಕೊಂಡು ರಸ್ತೆ, ವಾಹನ, ಗದ್ದಲಗಳನ್ನು ತೋರಿಸುವುದು, ಬೀದಿನಾಯಿಗಳು ಮಲವಿಸರ್ಜನೆ ಮಾಡುವ ನೆಲದ ಮೇಲೆ ಅದನ್ನು ಬಿಡದಿರುವುದು, ಗಡ್ಡದವರು, ಕೋಲು ಹಿಡಿದ ಅಜ್ಜ, ಕೊಡೆ ಹಿಡಿದವರು, ಶಾಲೆಯ ಮಕ್ಕಳು ಹೀಗೆ ಬಗೆಬಗೆಯ ಜನರನ್ನು ಮನೆಗೆ ಕರೆಸಿ ಮೆಲ್ಲನೆ ಮುಟ್ಟಿಸುವುದು, ಲಸಿಕೆಯಾದ, ಸಾಧುವಾದ ದೊಡ್ಡ ನಾಯಿಯೊಂದಿಗೆ ಮನೆಯಂಗಳದಲ್ಲಿ ಆಡಗೊಡುವುದು, ಕುಕ್ಕರಿನ ಸೀಟಿ, ಮಿಕ್ಸರಿನ ಸದ್ದು, ಪೂಜೆಯ ಗಂಟೆಗಳನ್ನು ದೂರದಿಂದ ಹತ್ತಿರಕ್ಕೆ ಅಭ್ಯಾಸ ಮಾಡಿಸುವುದು. ಸೋಮವತಿ ಅಮಾವಾಸ್ಯೆಯ ಪಲ್ಲಕ್ಕಿಯೋ ಚಂಪಾಷಷ್ಠಿಯೋ ಇರುವ ದಿನ ಲಕ್ಷೋಪಲಕ್ಷ ಜನರ ನಡುವೆ ಎಳೆಯ ಮರಿಯನ್ನು ಜೇಜುರಿಗೆ ಕೊಂಡೊಯ್ಯುವುದು ಮಾತ್ರ ಸರ್ವಥಾ ಸಲ್ಲದು. ಖಂಡೋಬನ ದರ್ಶನಕ್ಕೆ ಅದು ದೊಡ್ಡದಾದ ಮೇಲೆ ಹೋದರೆ ಸಾಕು.

ಹೊಸ ಮನೆಯ ಮೊದಲ ದಿನಗಳು

ಮೊದಲ ಕೆಲವು ದಿನ ಹಿಂದಿನ ಮನೆಯ ಆಹಾರವನ್ನೇ ಮುಂದುವರಿಸಿ, ವಾರದ ಅವಧಿಯಲ್ಲಿ ಕ್ರಮೇಣ ಬದಲಾಯಿಸಬೇಕು. ಎಳೆಯ ಮರಿಗೆ ದಿನಕ್ಕೆ ಮೂರು ನಾಲ್ಕು ಸಲ ಸ್ವಲ್ಪ ಸ್ವಲ್ಪವಾಗಿ ಉಣಿಸಬೇಕು. ಕುಡಿಯುವ ನೀರು ಸದಾ ಇರಬೇಕು. ಬರಿಯ ಅನ್ನ ಮೊಸರಿನಿಂದ ಬೆಳೆಯುವ ಮರಿಗೆ ಬೇಕಾದ ಪ್ರೋಟೀನು, ಸುಣ್ಣದ ಅಂಶಗಳು ಸಾಲವು. ಮಾಂಸವನ್ನು ಬಳಸದ ಮನೆಯವರು ಮರಿಗಾಗಿ ತಯಾರಾದ ಸಮತೋಲನದ ಆಹಾರವನ್ನು ವೈದ್ಯರ ಸಲಹೆಯಂತೆ ಕೊಡಿಸಬಹುದು. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟು ನಾಯಿಗೆ ವಿಷ. ಒಗ್ಗರಣೆಯ ಸಾರು ಅನ್ನವನ್ನು ಹಾಕುವವರೂ, ದ್ರಾಕ್ಷಿ ಬೆರೆತ ಪ್ರಸಾದವನ್ನು ತಿನ್ನಿಸುವವರೂ ಇದನ್ನು ವಿಶೇಷವಾಗಿ ಗಮನಿಸಬೇಕು. ನಮ್ಮ ಜ್ವರದ ಗುಳಿಗೆಗಳನ್ನೂ ನೋವಿನ ಗುಳಿಗೆಗಳನ್ನೂ ಅದಕ್ಕೆ ಕೊಡಲೇಬಾರದು.

ತಾಯಿಯನ್ನಗಲಿದ ಮರಿಯು ಮೊದಲ ರಾತ್ರಿಗಳಲ್ಲಿ ಅಳುವುದು ಸಹಜ. ಹೊಡೆಯಬಾರದು. ನಾವು ಮಲಗುವ ಕೋಣೆಯಲ್ಲಿಯೇ ಪೆಟ್ಟಿಗೆಯೊಂದರಲ್ಲಿ, ತಾಯಿಯ ಮೈವಾಸನೆಯಿರುವ ಬಟ್ಟೆಯ ತುಂಡನ್ನು ಹಾಸಿ ಮಲಗಿಸಿದರೆ ಬೇಗನೆ ಸಮಾಧಾನಗೊಳ್ಳುತ್ತದೆ. ನಿದ್ರೆಯಿಂದ ಎದ್ದೊಡನೆ, ಉಂಡೊಡನೆ, ಆಡಿದೊಡನೆ ಒಂದೇ ಜಾಗಕ್ಕೆ ಕರೆದೊಯ್ದರೆ ಶೌಚದ ಶಿಸ್ತು ತಾನಾಗಿ ಬರುತ್ತದೆ. ಎರಡು ಹೊತ್ತು ಊಟವನ್ನು ಬಿಟ್ಟರೆ, ವಾಂತಿಭೇದಿಯಾದರೆ, ಮಂಕಾಗಿ ಮಲಗಿದರೆ ‘ನಾಳೆ ನೋಡೋಣ’ ಎನ್ನಬಾರದು. ಎಳೆಯ ಮರಿಯ ವಿಷಯದಲ್ಲಿ ಒಂದು ದಿನದ ವಿಳಂಬವೂ ದುಬಾರಿ.

ಮರಿಯ ಹಲ್ಲು ಮತ್ತು ರೇಬಿಸ್

ರೇಬಿಸ್ ರೋಗವು ಲಕ್ಷಣ ತೋರಿದ ಬಳಿಕ ಬಹುತೇಕ ನಿಶ್ಚಿತವಾಗಿ ಮಾರಕ. ಸಕಾಲದಲ್ಲಿ ಕ್ರಮ ಕೈಗೊಂಡರೆ ಬಹುತೇಕ ನಿಶ್ಚಿತವಾಗಿ ತಡೆಯಬಹುದಾದದ್ದೂ ಹೌದು. ಮರಿಗೆ ಈ ಲಸಿಕೆಯನ್ನು ಕೊಡುವುದು ಸಾಮಾನ್ಯವಾಗಿ 12 ವಾರ ತುಂಬಿದ ಬಳಿಕ. ಒಂದು ವರ್ಷದ ತರುವಾಯ ಮತ್ತೊಮ್ಮೆ, ಅನಂತರ ವೈದ್ಯರ ಸೂಚನೆಯಂತೆ. ಅಂದರೆ ಅದಕ್ಕೆ ಮೊದಲು ಮರಿಗೆ ಲಸಿಕೆಯ ರಕ್ಷಣೆಯಿರುವುದಿಲ್ಲ. ಬೀದಿಯಲ್ಲಿ ಹುಟ್ಟಿದ ಮರಿಯನ್ನು ರೋಗಿಷ್ಠ ನಾಯಿಯೊಂದು ಕಚ್ಚಿದ್ದರೆ ಅದು ನಮಗೆ ತಿಳಿಯುವುದೂ ಇಲ್ಲ. ‘ಮರಿ, ಆಡುತ್ತ ಗೀರಿತು’ ಎಂದು ತಾಯಂದಿರು ಉಪೇಕ್ಷೆ ಮಾಡುವುದೂ, ಬೈಗುಳಕ್ಕೆ ಹೆದರಿ ಮಕ್ಕಳು ಮುಚ್ಚಿಡುವುದೂ ಇಲ್ಲಿಯೇ. ಮಕ್ಕಳಿಗೆ ಮೊದಲು ಹೇಳಿಕೊಡಬೇಕಾದುದು, ಕಚ್ಚಿದರೆ ಅಥವಾ ಪರಚಿದರೆ ಬಂದು ಹೇಳು, ಯಾರೂ ಬೈಯುವುದಿಲ್ಲ ಎಂಬ ಮಾತನ್ನು.

ಗಾಯವನ್ನು ಕೂಡಲೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಅರಿಸಿನ, ಸುಣ್ಣ, ಮೆಣಸಿನ ಪುಡಿ ಯಾವುದನ್ನೂ ಮೆತ್ತಬಾರದು. ಭಂಡಾರದ ಸ್ಥಾನ ಹಣೆಯೇ ಹೊರತು ಗಾಯವಲ್ಲ. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಹೊಕ್ಕಳ ಸುತ್ತ 14 ಚುಚ್ಚುಮದ್ದುಗಳೆಂಬ ಹಳೆಯ ಭಯವನ್ನು ಇನ್ನು ಬಿಡಬೇಕು. ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಆ ಲಸಿಕೆಯು ನಮ್ಮ ದೇಶದಲ್ಲಿ 2004ರಲ್ಲಿಯೇ ನಿಂತುಹೋಯಿತು. ಈಗ ತೋಳಿಗೆ ಕೊಡುವ ಲಸಿಕೆಯಿದೆ: ಚರ್ಮದೊಳಗೆ ಕೊಡುವ ಕ್ರಮದಲ್ಲಿ ಮೊದಲ ದಿನ, ಅನಂತರ 3, 7 ಮತ್ತು 28ನೆಯ ದಿನ, ಸ್ನಾಯುವಿಗೆ ಕೊಡುವ ಕ್ರಮದಲ್ಲಿ 14ನೆಯ ದಿನವೂ ಸೇರುತ್ತದೆ. ರಕ್ತ ಬರುವಂತೆ ಚರ್ಮ ಸೀಳಿದ್ದರೆ ಗಾಯದ ಸುತ್ತ ಪ್ರತಿವಿಷದ ಔಷಧಿಯನ್ನೂ ಕೊಡುತ್ತಾರೆ. ನಾಯಿಯ ಮೇಲೆ 10 ದಿನ ನಿಗಾ ಇಡುವುದು ಸರಿ. ಆ ಹತ್ತು ದಿನ ಚಿಕಿತ್ಸೆಯನ್ನು ತಡೆಹಿಡಿಯುವುದು ಸರಿಯಲ್ಲ.

ಮನೆಯ ಯೋಗ್ಯತೆ

ಮರಿಯ ಸಿದ್ಧತೆಯಷ್ಟೇ ಮನೆಯ ಸಿದ್ಧತೆಯೂ ಮುಖ್ಯ. ನಾಯಿಯ ಆಯುಸ್ಸು ಹತ್ತರಿಂದ ಹದಿನೈದು ವರ್ಷ. ಆಹಾರ, ಲಸಿಕೆ, ಚಿಕಿತ್ಸೆ, ಊರಿಗೆ ಹೋದಾಗ ನೋಡಿಕೊಳ್ಳುವವರ ಏರ್ಪಾಡು, ಇವೆಲ್ಲವೂ ಮರುಕಳಿಸುವ ಖರ್ಚುಗಳು. ಮರಿಯ ಬೆಲೆ ಅವುಗಳಲ್ಲಿ ಅತಿ ಚಿಕ್ಕ ಬಾಬು. ವರ್ಗಾವಣೆಯಾಯಿತೆಂದು ಬೀದಿಗೆ ಬಿಡುವುದು ನಿರ್ದಯತೆ ಮಾತ್ರವಲ್ಲ. ಹಸಿವು ನೀರಡಿಕೆಗೆ ಗುರಿಯಾಗುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ.

ತಳಿಯ ಆಯ್ಕೆಯಲ್ಲಿಯೂ ವಿವೇಕ ಬೇಕು. ಹಿಮಪ್ರದೇಶದ ದಟ್ಟ ರೋಮದ ನಾಯಿಯನ್ನು ದಖ್ಖನಿನ ಬೇಸಿಗೆಯಲ್ಲಿ ಸಾಕುವುದೂ, ಮೂಗು ಚಪ್ಪಟೆಯಾಗಿ ಉಸಿರಾಟಕ್ಕೇ ಕಷ್ಟಪಡುವ ತಳಿಯನ್ನು ಅಂದಕ್ಕಾಗಿ ಕೊಳ್ಳುವುದೂ ಪ್ರಾಣಿಗೆ ಶಿಕ್ಷೆ. ಮಹಾರಾಷ್ಟ್ರದಲ್ಲಿ ಕಾರವಾನಿ ಎಂದು ಕರೆಯುವ ನಮ್ಮ ಮುಧೋಳ ನಾಯಿಯು 2005ರಲ್ಲಿ ಅಂಚೆಚೀಟಿಯ ಗೌರವ ಪಡೆಯಿತು; 2016ರಲ್ಲಿ ಸೇನೆಯು ತರಬೇತಿಗಾಗಿ ಅದರ ಮರಿಗಳನ್ನು ಆಯ್ದುಕೊಂಡಿತು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನ ಕೇಂದ್ರವಿದೆ. ಆದರೆ ಅದು ಓಡಲು ಹುಟ್ಟಿದ ನಾಯಿ. ಎರಡು ಕೋಣೆಯ ಫ್ಲ್ಯಾಟಿಗೆ ಅದು ತಕ್ಕುದಲ್ಲ. ಸಾಮಾನ್ಯ ಊರನಾಯಿಯ ಮರಿ ನಮ್ಮ ಹವೆಗೆ ಒಗ್ಗಿದ, ಗಟ್ಟಿಮುಟ್ಟಾದ ಸಂಗಾತಿ. ಆದರೆ ಬೀದಿಯಲ್ಲಿ ಒಂಟಿಯಾಗಿ ಕಂಡ ಮರಿಯೆಲ್ಲ ಅನಾಥವಲ್ಲ. ತಾಯಿ ಆಹಾರ ಹುಡುಕಲು ಹೋಗಿರಬಹುದು. ದೂರ ನಿಂತು ಕೆಲವು ಗಂಟೆ ಕಾದು ನೋಡಬೇಕು. ತಾಯಿ ಮರಳಿದರೆ ಅದಕ್ಕೆ ಆಹಾರ ಕೊಟ್ಟು, ಎಂಟು ವಾರ ತುಂಬಿದ ಮೇಲೆ ಮರಿಯನ್ನು ತರಬಹುದು.

ನೆನಪಿಗಾಗಿ ಒಟ್ಟು ಸಾರಾಂಶವಿಷ್ಟು:

1. ಎಂಟು ವಾರ ತುಂಬುವವರೆಗೆ ಮರಿ ತಾಯಿಯ ಬಳಿಯಿರಲಿ; ವಯಸ್ಸನ್ನು ಹಲ್ಲಿನಿಂದ ಪರಿಶೀಲಿಸಿರಿ.
2. ತಾಯಿಯನ್ನೂ ಲಸಿಕೆಯ ಪುಸ್ತಕವನ್ನೂ ನೋಡದೆ ಮರಿಯನ್ನು ಒಪ್ಪಿಕೊಳ್ಳಬೇಡಿರಿ.
3. ತಂದ ಒಂದೆರಡು ದಿನಗಳಲ್ಲಿಯೇ ಪಶುವೈದ್ಯರಿಗೆ ತೋರಿಸಿ, ಜಂತುಹುಳುವಿನ ಔಷಧಿಯ ಮತ್ತು ಲಸಿಕೆಯ ದಿನಾಂಕಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಿಸಿರಿ.
4. ಎಂಟರಿಂದ ಹದಿನಾಲ್ಕನೆಯ ವಾರದವರೆಗೆ ಎತ್ತಿಕೊಂಡೇ ಲೋಕವನ್ನು ತೋರಿಸಿರಿ. ಬೀದಿಯ ನೆಲಕ್ಕೆ ಬಿಡಬೇಡಿರಿ.
5. ಸಂಯುಕ್ತ ಲಸಿಕೆಯ ಕೊನೆಯ ಕಂತು 16 ವಾರಗಳಿಗೆ ಮೊದಲೇ ಮುಗಿಯಿತೆಂದು ಭಾವಿಸಬೇಡಿರಿ. 12 ವಾರಕ್ಕೆ ರೇಬಿಸ್ ಲಸಿಕೆಯನ್ನು ಮರೆಯಬೇಡಿರಿ.
6. ಮರಿ ಕಚ್ಚಿದರೂ ಗೀರಿದರೂ ಸಾಬೂನು, ನೀರು, ಆಸ್ಪತ್ರೆ, ಇದೇ ಕ್ರಮ.

ಇವುಗಳಲ್ಲಿ ಯಾವುದೂ ಶ್ರೀಮಂತರಿಗೆ ಮಾತ್ರ ಸಾಧ್ಯವಾದ ಸಂಗತಿಯಲ್ಲ. ಬೇಕಾಗಿರುವುದು ಕೆಲವು ವಾರಗಳ ತಾಳ್ಮೆ ಮತ್ತು ದಿನಾಂಕಗಳ ನೆನಪು. ಮುಂದಿನ ಯಾತ್ರೆಯಲ್ಲಿ ಮಕ್ಕಳು ಮರಿಯೊಂದನ್ನು ತೋರಿಸಿ ಬೇಕೆಂದು ಕೇಳಿದಾಗ, ಓದುಗರು ಅವರಿಗೆ ಮೊದಲು ಅದರ ತಾಯಿಯನ್ನು ತೋರಿಸಲಿ.